ಮೈಸೂರು ದಾರಿಯ ಮುಕ್ಕಾಂ

ಹುಬ್ಬಳ್ಳಿ, ಧಾರವಾಡ, ಗದಗುಗಳ ದೊಡ್ಡ ಗಾಯಕರ ಜೀವನಚರಿತ್ರೆಗಳನ್ನು ಒಂದರ ಹಿಂದೊಂದು ಓದುತ್ತ ಹೋದರೆ ಮೊದಲ ಅಧ್ಯಾಯಗಳು ಬಹುಮಟ್ಟಿಗೆ ಒಂದೇ ಥರ ಇರುತ್ತವೆ. ಒಂದು ಸಣ್ಣ ಊರು, ಅಲ್ಲೊಂದು ಹಾಡುವ ಮಗು. ಹೆಸರಾಂತ ಉಸ್ತಾದರೋ ಬುವಾಗಳೋ ಆ ಕಡೆ ಬರುತ್ತಾರೆ, ಮಗುವಿನ ದನಿ ಅವರ ಕಿವಿಗೆ ಬೀಳುತ್ತದೆ, ಅಲ್ಲಿಂದ ಬದುಕು ಬೇರೆ ದಾರಿ ಹಿಡಿಯುತ್ತದೆ. ಧಾರವಾಡದ ಪಕ್ಕದ ಮನಸೂರಿನಲ್ಲಿ 1910ರ ಕೊನೆಯ ದಿನ ಹುಟ್ಟಿದ ರೈತ ಮನೆತನದ ಹುಡುಗ ಮಲ್ಲಿಕಾರ್ಜುನ, ನಾಟಕದಲ್ಲಿ ಹಾಡುತ್ತಿದ್ದಾಗ ಮಿರಜದ ನೀಲಕಂಠಬುವಾ ಆಲೂರಮಠರು ಕೇಳಿದರು. ಯಲಿವಾಳದ ಬಸವರಾಜ ರಾಜಗುರು ಇನ್ನೂ ಹುಡುಗನಾಗಿದ್ದಾಗ ಗದುಗಿನ ಪಂಚಾಕ್ಷರಿ ಗವಾಯಿಗಳು ಕೇಳಿದರು. ಕುಂದಗೋಳದ ವಾಡೆಯೊಂದರ ಕಾರಕೂನರ ಮಗ ರಾಮಭಾವುವಿನ ದನಿ ಅಬ್ದುಲ್ ಕರೀಮ್ ಖಾನರ ಗಮನಕ್ಕೆ ಬಂತು. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರಾದರು. ಇಂಥ ಭೇಟಿಗಳನ್ನು ನಮ್ಮ ಬರಹಗಾರರು ದೈವಯೋಗವೆಂದೋ ಪೂರ್ವಜನ್ಮದ ಪುಣ್ಯವೆಂದೋ ಕರೆದು ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಆದರೆ ಒಂದೇ ಬಗೆಯ ಯೋಗ ಒಂದೇ ಸೀಮೆಯಲ್ಲಿ ಮೂವತ್ತು ನಲವತ್ತು ವರ್ಷಗಳ ಉದ್ದಕ್ಕೂ ಕೂಡಿಬರುತ್ತಿದ್ದರೆ ಅದಕ್ಕೆ ನೆಲದ ಮೇಲಿನ ಕಾರಣಗಳನ್ನು ಹುಡುಕಬೇಕಾಗುತ್ತದೆ. ಆ ಕಾರಣಗಳಲ್ಲಿ ಮುಖ್ಯವಾದದ್ದು ಹೆಸರುವಾಸಿಯಾದ ಮನುಷ್ಯನ ಕೈಯಲ್ಲಿ ಉಳಿದ ಬಿಡುವಿನ ಹೊತ್ತು ಎಂಬುದು ನನ್ನ ವಾದ. ಆ ಬಿಡುವನ್ನು ಒದಗಿಸಿದ್ದು ರೈಲು, ವಾಡೆ ಮತ್ತು ನಾಟಕ ಕಂಪನಿ.

ರೈಲಿನಿಂದಲೇ ಶುರುಮಾಡೋಣ. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು, ಕಾರ್ಖಾನೆ ಹುಬ್ಬಳ್ಳಿಯಲ್ಲಿ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿಕೊಂಡ ಮೇಲೆ ಬಿಟ್ಟುಹೋದ ಕಚೇರಿಯ ಕಟ್ಟಡದಲ್ಲಿಯೇ ಮುಂದೆ ಕರ್ನಾಟಕ ಕಾಲೇಜು ನೆಲೆಸಿತು. ಅಲ್ಲಿ ಓದಿದವರೆಲ್ಲ ಒಂದರ್ಥದಲ್ಲಿ ರೈಲಿನ ಮನೆಯಲ್ಲಿ ಓದಿದವರೇ. ಈ ಕಂಪನಿಯ ಮೀಟರ್ ಗೇಜ್ ಹಳಿ ಪುಣೆಯನ್ನು ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ಹರಿಹರ, ಅರಸೀಕೆರೆಗಳ ಮೂಲಕ ಬೆಂಗಳೂರಿಗೆ ಕೂಡಿಸಿತು. ಆ ಹಳಿಯ ದಕ್ಷಿಣದ ತುದಿಯಾಚೆ ಮೈಸೂರಿನ ಅರಮನೆಯಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು ಮೈಸೂರಿನ ಆಸ್ಥಾನದಲ್ಲಿದ್ದವರು. ಅವರು ತೀರಿಕೊಂಡದ್ದೂ ಆ ಊರಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಸರೆಗೆ ಉತ್ತರದ ಸಂಗೀತಗಾರರು ಬರುವುದು ವಾಡಿಕೆಯೇ ಆಯಿತು. ಫೈಯಾಜ್ ಖಾನರು ಅಲ್ಲಿಂದ ಬಿರುದು ಪಡೆದರು. ಅಬ್ದುಲ್ ಕರೀಮ್ ಖಾನರಂತೂ ಹೋಗಿ ಬಂದು ಮಾಡುತ್ತಲೇ ಕರ್ನಾಟಕ ಸಂಗೀತದ ಸ್ವರಗತಿಯನ್ನೂ ಕಲಿತು, ತ್ಯಾಗರಾಜರ ಕೃತಿಯನ್ನು ತಮ್ಮದೇ ರೀತಿಯಲ್ಲಿ ಹಾಡಿ ಧ್ವನಿಮುದ್ರಿಸಿದರು. ಅವರು ಹುಟ್ಟಿದ್ದು ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ, ನೆಲೆ ನಿಂತದ್ದು ಮಿರಜದಲ್ಲಿ. ಮಿರಜದಿಂದ ಮೈಸೂರಿಗೆ ಒಂದೇ ಓಟದಲ್ಲಿ ಹೋಗಿ ಮುಟ್ಟುವ ಕಾಲ ಅದಲ್ಲ. ನಡುವೆ ಇಳಿಯಬೇಕು, ಉಣ್ಣಬೇಕು, ಮಲಗಬೇಕು; ಕೊರಳಿಗೂ ತಂಬೂರಿಗೂ ದಣಿವಾರಬೇಕು. ಹಾಗೆ ಇಳಿಯಲು ಒದಗಿದ ಊರುಗಳು ಹುಬ್ಬಳ್ಳಿ ಮತ್ತು ಧಾರವಾಡ.

ಉತ್ತರ ಕರ್ನಾಟಕದ ಸಂಗೀತದ ಬಗ್ಗೆ ಮಾತಾಡುವವರೆಲ್ಲ ಇಷ್ಟನ್ನು ಹೇಳುತ್ತಾರೆ. ಸಾಮಾನ್ಯವಾಗಿ ಮಾತು ಇಲ್ಲಿಗೇ ನಿಲ್ಲುತ್ತದೆ, ರೈಲು ಬಂತು ಸಂಗೀತ ಬಂತು ಎಂಬಂತೆ. ಅಷ್ಟು ಸರಳವಾಗಿದ್ದರೆ ಅದೇ ಹಳಿಯ ಮೇಲಿನ ಅರಸೀಕೆರೆಯಲ್ಲೂ ಅಬ್ದುಲ್ ಕರೀಮ್ ಖಾನರ ಕಿರಾನಾ ಘರಾಣೆಯ ಒಂದು ಪರಂಪರೆ ಬೆಳೆಯಬೇಕಿತ್ತು. ಅರಸೀಕೆರೆ ದೊಡ್ಡ ಜಂಕ್ಷನ್; ಮೈಸೂರಿಗೆ ಹೋಗುವ ಕವಲು ಒಡೆಯುವುದೂ ಅಲ್ಲೇ. ಆದರೂ ಉಸ್ತಾದರು ಅಲ್ಲಿ ಗಾಡಿ ಬದಲಿಸಿದರೇ ಹೊರತು ಮುಕ್ಕಾಂ ಹೂಡಲಿಲ್ಲ. ತುಂಗಭದ್ರೆ ದಾಟಿದ ಮೇಲೆ ಕೇಳುವವರ ಕಿವಿಯೇ ಬೇರೆ. ಅಲ್ಲಿ ಪಲ್ಲವಿ, ಕೀರ್ತನೆಗಳ ರಾಜ್ಯ. ನದಿಯ ಈಚೆಗೆ ಆಗಿನ ಬೊಂಬಾಯಿ ಪ್ರಾಂತ. ಇಲ್ಲಿನ ವಕೀಲರು, ಮಾಸ್ತರರು, ಕಚೇರಿಯ ಕಾರಕೂನರು ಮರಾಠಿ ಬಲ್ಲವರು, ಮರಾಠಿ ಸಂಗೀತ ನಾಟಕಗಳಿಗೆ ಕಿವಿ ತೆತ್ತವರು. ಆ ನಾಟಕ ಪರಂಪರೆಗೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಇದೇ ಸೀಮೆಯ ಗುರ್ಲಹೊಸೂರಿನವರು. ಆ ನಾಟಕಗಳ ಪದಗಳ ಮೂಲಕ ರಾಗಗಳ ಪರಿಚಯ ಮೊದಲೇ ಆಗಿದ್ದ ಊರಿನಲ್ಲಿ ಉಸ್ತಾದನಿಗೆ ಬೈಠಕ್ ಕೂಡಿಸುವುದು ಕಷ್ಟವಿರಲಿಲ್ಲ. ನತ್ಥನ್ ಖಾನರ ಶಿಷ್ಯ ಭಾಸ್ಕರಬುವಾ ಬಖಲೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕೆಲವು ಕಾಲ ಸಂಗೀತದ ಮಾಸ್ತರರಾಗಿದ್ದರೆಂಬುದನ್ನು ನೆನೆದರೆ ಈ ನೆಲ ಎಷ್ಟು ಹದವಾಗಿತ್ತೆಂದು ಗೊತ್ತಾಗುತ್ತದೆ. ಹೀಗಾಗಿ ರೈಲು ಅವಕಾಶವನ್ನಷ್ಟೇ ತಂದಿತು. ಇಳಿಯಲು ಕಾರಣ ಬೇಕಿತ್ತು, ಅದನ್ನು ಕೊಟ್ಟದ್ದು ಕೇಳುಗರು. ಇಳಿದ ಮೇಲೆ ಉಳಿಯಲೂ ಒಂದು ಕಾರಣ ಬೇಕಿತ್ತು, ಅದನ್ನು ಕೊಟ್ಟದ್ದು ವಾಡೆಗಳು.

ಕುಂದಗೋಳ ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ. ಹುಬ್ಬಳ್ಳಿಯಿಂದ ಮೈಸೂರಿನ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ನಿಲ್ದಾಣ ಅದು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ನಾಡಿಗೇರರ ವಾಡೆಯಲ್ಲಿ ಸಂಗೀತಗಾರರಿಗೆ ಊಟ, ವಸತಿ, ಬಿದಾಗಿ ಎಲ್ಲಕ್ಕೂ ಏರ್ಪಾಡಿತ್ತು. ವಾಡೆಯ ಯಜಮಾನರು ಸಂಗೀತದ ಹುಚ್ಚಿನವರು. ಅವರಲ್ಲಿ ಲೆಕ್ಕ ಬರೆಯುತ್ತಿದ್ದವರ ಮಗ ರಾಮಭಾವು, ಹುಟ್ಟಿದ್ದು 1886ರಲ್ಲಿ, ಹುಬ್ಬಳ್ಳಿಯ ಹತ್ತಿರದ ಅಮರಗೋಳದಲ್ಲಿ. ಅವನೂ ಅಬ್ದುಲ್ ಕರೀಮ್ ಖಾನರೂ ಮೊದಲ ಬಾರಿ ಎದುರಾದ ಸಂದರ್ಭವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಹುಡುಗನೇ ಖಾನರ ಹಾಡು ಕೇಳಿ ಮರುಳಾದ ಎಂಬುದು ಒಂದು. ಖಾನರು ಹುಡುಗನ ಗುನುಗು ಕೇಳಿ ಕಿವಿ ನಿಮಿರಿಸಿದರು ಎಂಬುದು ಇನ್ನೊಂದು. ಯಾವುದು ನಿಜವೆಂದು ಜಗಳಾಡಬೇಕಾಗಿಲ್ಲ, ಎರಡೂ ಕಥೆಗಳಿಗೆ ಒಂದೇ ಹಿನ್ನೆಲೆ ಬೇಕು. ದೇಶವೆಲ್ಲ ಬಲ್ಲ ಗಾಯಕನೊಬ್ಬ ರಾತ್ರಿಯ ಬೈಠಕ್ ಮುಗಿಸಿದ್ದಾನೆ, ಮುಂದಿನ ಬೈಠಕ್ಕಿಗೆ ಇನ್ನೂ ದಿನವಿದೆ. ಹಗಲೆಲ್ಲ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತ ಅವನಿಗೆ ಮಾಡಲು ಬೇರೆ ಕೆಲಸವಿಲ್ಲ. ಅದೇ ವಾಡೆಯಲ್ಲಿ ಕಾರಕೂನರ ಮಗ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದಾನೆ. ಅರಮನೆಯ ದರ್ಬಾರಿನಲ್ಲಿ ಇಂಥ ಹುಡುಗ ಉಸ್ತಾದನ ಹತ್ತಿರ ಸುಳಿಯುವಂತಿರಲಿಲ್ಲ. ಟಿಕೆಟ್ಟಿನ ಸಂಗೀತ ಕಚೇರಿಯಲ್ಲಿ ದೂರದಿಂದ ನೋಡಿ ಮನೆಗೆ ಹೋಗುತ್ತಿದ್ದ. ವಾಡೆಯಲ್ಲಿ ಅತಿಥಿಯೂ ಆಳುಮಗನೂ ಒಂದೇ ಸೂರಿನಡಿ ದಿನಗಟ್ಟಲೆ ಇರುತ್ತಿದ್ದರು. ಅಲ್ಲಿ ಇಬ್ಬರೂ ಎದುರಾಗದೇ ಇರುವುದೇ ಕಷ್ಟವಾಗಿತ್ತು.

ನಾಟಕ ಕಂಪನಿಗಳದು ಇದರ ಇನ್ನೊಂದು ಮುಖ. ಬೈಠಕ್ ಒಂದು ರಾತ್ರಿಯದು. ಕಂಪನಿ ಊರಿಗೆ ಬಂದರೆ ತಿಂಗಳುಗಟ್ಟಲೆ ಕ್ಯಾಂಪು. ಗದುಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥವು ಊರೂರಿಗೆ ಪರದೆ, ಪೆಟ್ಟಿಗೆ, ಅಡಿಗೆಯ ಭಾಂಡೆಗಳೊಡನೆ ಹೋಗಿ ಬೀಡು ಬಿಡುತ್ತಿದ್ದವು. ರಾತ್ರಿ ಕೃಷ್ಣನಾಗಿಯೋ ಹರಿಶ್ಚಂದ್ರನಾಗಿಯೋ ಕಂಡ ನಟ ಬೆಳಗ್ಗೆ ಊರಿನ ಬಾವಿಯ ಹತ್ತಿರ ಹಲ್ಲುಜ್ಜುತ್ತ ನಿಂತಿರುತ್ತಿದ್ದ. ಹೆಸರುವಾಸಿಯನ್ನು ಹಗಲಿನಲ್ಲಿ, ಬಣ್ಣವಿಲ್ಲದೆ ನೋಡುವ ಈ ಅನುಭವ ಸಿನಿಮಾದ ಪ್ರೇಕ್ಷಕನಿಗೆ ದಕ್ಕದು. ಕಂಪನಿಗಳಿಂದ ಇನ್ನೂ ಒಂದು ಉಪಕಾರವಾಯಿತು, ಅದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಹೆಸರಿಲ್ಲದ ಹುಡುಗನನ್ನು ಹಾಡುವ ಜಾಗದಲ್ಲಿ ನಿಲ್ಲಿಸಿ, ಹೆಸರಿದ್ದವರನ್ನು ಕೇಳುವ ಜಾಗದಲ್ಲಿ ಕೂಡಿಸಿದ್ದು ಅವು. ಮಲ್ಲಿಕಾರ್ಜುನ ಮನ್ಸೂರರು ಹತ್ತು ವರ್ಷವೂ ತುಂಬದ ವಯಸ್ಸಿಗೆ ಬಾಲನಟರಾದದ್ದು ಅಣ್ಣ ಬಸವರಾಜರ ನಾಟಕದ ನಂಟಿನಿಂದ. ಇಚಲಕರಂಜಿಯ ಬಾಲಕೃಷ್ಣಬುವಾ ಅವರ ಶಿಷ್ಯರಾದ ನೀಲಕಂಠಬುವಾ ಅಲ್ಲಿ ಬಂದು ಕುಳಿತದ್ದು ಪ್ರೇಕ್ಷಕರಾಗಿ. ಭೇಟಿ ನಡೆದದ್ದು ಮೇಲಿನಿಂದ ಕೆಳಕ್ಕೆ, ಕಿವಿಯ ಮೂಲಕ. ಇಂದು ನಾವು ಗಣ್ಯರ ಭೇಟಿ ಎನ್ನುವಾಗ ಮನಸ್ಸಿನಲ್ಲಿ ಮೂಡುವುದು ಇದಕ್ಕೆ ತಿರುಗುಮುರುಗಾದ ಚಿತ್ರ. ವಿಮಾನ ನಿಲ್ದಾಣದಲ್ಲಿ ನಟನನ್ನು ಕಂಡವನು ಮೊಬೈಲ್ ಎತ್ತುತ್ತಾನೆ, ನಟ ಅರೆಗಳಿಗೆ ನಗುತ್ತಾನೆ, ಭೇಟಿ ಮುಗಿಯಿತು. ಕಂಡವನ ಬಗ್ಗೆ ನಟನಿಗೆ ಏನೂ ತಿಳಿಯುವುದಿಲ್ಲ, ತಿಳಿಯುವಷ್ಟು ಹೊತ್ತೂ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು, ಬರಲೇಬೇಕು. ಈ ಕಥೆಗಳನ್ನೆಲ್ಲ ನಮಗೆ ಹೇಳಿದವರು ಗೆದ್ದವರು. ಉಸ್ತಾದರನ್ನು ಕಂಡೂ ಏನೂ ಆಗದೆ ಉಳಿದ ನೂರಾರು ಹುಡುಗರು ಆತ್ಮಕಥೆ ಬರೆಯಲಿಲ್ಲ. ಹೀಗಿರುವಾಗ ಭೇಟಿಗೂ ಪ್ರತಿಭೆಗೂ ಗಂಟು ಹಾಕುವುದು ಎಷ್ಟು ಸರಿ? ಆಕ್ಷೇಪದಲ್ಲಿ ತಿರುಳಿದೆ. ಆದರೆ ಭೇಟಿಯಿಂದಲೇ ದೊಡ್ಡ ಗಾಯಕರು ಹುಟ್ಟಿದರೆಂಬುದು ನನ್ನ ವಾದವಲ್ಲ. ತಾಲೀಮು ಎಂಟು ಹತ್ತು ವರ್ಷದ್ದು, ಭೇಟಿ ಅರ್ಧ ಗಳಿಗೆಯದು. ಭೇಟಿಗಳು ಪದೇ ಪದೇ ಆಗುವ ಊರಿನಲ್ಲಿ ಗಾಯಕರಷ್ಟೇ ತಯಾರಾಗುವುದಿಲ್ಲ. ತಬಲಾ ಹಿಡಿದವರು, ಪೇಟಿ ಬಾರಿಸುವವರು, ಶಾಲೆಯ ಸಂಗೀತದ ಮಾಸ್ತರರು, ಭಜನೆಯ ಮೇಳದವರು, ಎಲ್ಲಕ್ಕಿಂತ ಹೆಚ್ಚಾಗಿ ತಪ್ಪು ಸ್ವರ ಬಿದ್ದರೆ ಮುಖ ಕಿವಿಚುವ ಕೇಳುಗರು ತಯಾರಾಗುತ್ತಾರೆ. ಏನೂ ಆಗದೆ ಉಳಿದರೆಂದು ನಾವೆಣಿಸುವ ಹುಡುಗರು ಈ ಗುಂಪಿನಲ್ಲಿದ್ದಾರೆ. ಮುಂದಿನ ಉಸ್ತಾದನಿಗೆ ಇಲ್ಲಿ ಇಳಿಯಬೇಕೆನ್ನಿಸಿದ್ದು ಅವರಿಂದಲೇ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಈ ಬೆಳಕಿನಲ್ಲಿ ನೋಡಬೇಕು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ದಾರಿಯಲ್ಲಿ ಸಿಕ್ಕ ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಸೇರಿಸಿಕೊಂಡರು. ಪುಟ್ಟರಾಜ ಗವಾಯಿಗಳು ಹಾಗೆ ಬಂದವರಲ್ಲಿ ಒಬ್ಬರು. ಹೆಸರು ದಾಖಲಾಗದವರು ಎಷ್ಟೋ ಮಂದಿ. ಅಲ್ಲಿ ಆಕಸ್ಮಿಕ ಭೇಟಿಯೇ ಒಂದು ಸಂಸ್ಥೆಯ ಪ್ರವೇಶದ ಕ್ರಮವಾಗಿ ಮಾರ್ಪಟ್ಟಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ವಾಡೆಯ ಪಡಸಾಲೆಯಲ್ಲಿ ಯಾರು ಓಡಾಡಬಹುದಿತ್ತು? ಬಿಡುವಿನ ಹೊತ್ತಿನ ಈ ಹೊಗಳಿಕೆಯಲ್ಲಿ ಜಾತಿ, ಲಿಂಗಗಳ ಲೆಕ್ಕ ತಪ್ಪಿಹೋಗಿದೆಯಲ್ಲ? ತಪ್ಪಿಹೋಗಬಾರದು. ಕಾರಕೂನರ ಮಗನಿಗೆ ವಾಡೆಯ ಬಾಗಿಲು ತೆರೆದಿತ್ತು; ಓಣಿಯಾಚೆಯ ಎಷ್ಟೋ ಮಕ್ಕಳಿಗೆ ಬೀದಿಯಲ್ಲಿ ನಿಂತು ಕೇಳುವುದೇ ಗತಿ. ಮರ್ಯಾದಸ್ಥರ ಮನೆಯೆನಿಸಿಕೊಂಡಲ್ಲಿ ಹೆಣ್ಣುಮಗಳು ಉಸ್ತಾದನೆದುರು ಬಾಯಿ ತೆರೆಯುವುದು ಊಹೆಗೂ ನಿಲುಕದ ಮಾತು. ಆದರೆ ಚರಿತ್ರೆ ಇಲ್ಲಿ ಒಂದು ವಿಚಿತ್ರವಾದ ಹೊರಳು ಪಡೆಯುತ್ತದೆ. ಸಮಾಜ ದೂರವಿಟ್ಟ ಮನೆಗಳಿಗೇ ಸಂಗೀತಗಾರರು ತಾವಾಗಿ ಬರುತ್ತಿದ್ದರು. ಧಾರವಾಡದ ಶುಕ್ರವಾರಪೇಟೆಯಲ್ಲಿದ್ದ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅವರ ಹಾಡು ಕೇಳಲು ಅಬ್ದುಲ್ ಕರೀಮ್ ಖಾನರೇ ಆ ಮನೆಗೆ ಬಂದು ಕೂರುತ್ತಿದ್ದರು. ಅದೇ ಮನೆಯಲ್ಲಿ 1913ರ ಮಾರ್ಚ್ 5ರಂದು ಹುಟ್ಟಿದ ಅವರ ಮಗಳು ಗಂಗೂಬಾಯಿಯ ಗಂಟಲು ಮೆಚ್ಚಿ, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು ಎಂಬರ್ಥದ ಮಾತನ್ನು ಖಾನರು ಹೇಳಿದ್ದನ್ನು ಗಂಗೂಬಾಯಿ ಮುಪ್ಪಿನಲ್ಲೂ ನೆನೆಯುತ್ತಿದ್ದರು. ಇದನ್ನು 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ಸಿನ ಪಕ್ಕಕ್ಕಿಟ್ಟು ನೋಡಬೇಕು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಅವರೆದುರು ಹಾಡಿದ ಶಾಲೆಯ ಮಕ್ಕಳಲ್ಲಿ ಗಂಗೂಬಾಯಿಯೂ ಇದ್ದಳು. ದೇಶದ ಅತಿ ದೊಡ್ಡ ಹೆಸರಿನ ಎದುರು ನಿಂತ ಆ ಹನ್ನೊಂದರ ಹುಡುಗಿಯ ಮನಸ್ಸಿನಲ್ಲಿದ್ದ ಅಳುಕು ಬೇರೆಯೇ: ತನ್ನ ಜಾತಿಯ ಕಾರಣಕ್ಕೆ ಊಟದ ಎಂಜಲೆಲೆ ತೆಗೆಯಲು ತನ್ನನ್ನೇ ಕರೆದಾರೆಂಬುದು. ಹಾಗೇನೂ ಆಗಲಿಲ್ಲ. ಆದರೂ ಎರಡು ಭೇಟಿಗಳಿಗಿರುವ ಅಂತರ ಗಮನಿಸಬೇಕು. ಏರ್ಪಡಿಸಿದ ಸಮಾರಂಭದಲ್ಲಿ ಮಗು ಹಾಡಿ, ಚಪ್ಪಾಳೆ ಪಡೆದು, ಸಾಲಿನಲ್ಲಿ ಹೊರಟುಹೋಯಿತು. ಆ ಮಗುವಿನ ಮನೆಯ ಜಮಖಾನೆಯ ಮೇಲೆ ಕುಳಿತ ಉಸ್ತಾದ ಮಾತ್ರ ಅದನ್ನು ಹಾಡುಗಾರ್ತಿಯೆಂದು ಗುರುತಿಸಿದ. ಇದಕ್ಕೆ ಆ ಮನೆ ತೆತ್ತ ಬೆಲೆ ಕಡಿಮೆಯದಲ್ಲ. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುವಾಗ ದಾರಿಯ ಮನೆಗಳಿಂದ ಕೇಳಿಬರುತ್ತಿದ್ದ ಕುಹಕ ಅವರನ್ನು ಬಹಳ ನೋಯಿಸಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಥೆ ನನ್ನ ವಾದಕ್ಕೆ ಎದುರಾಗಿ ನಿಲ್ಲುತ್ತದೆ. ಗದುಗಿನ ಶಾಲಾ ಮಾಸ್ತರ ಗುರುರಾಜ ಜೋಶಿಯವರ ಮಗ ಭೀಮಸೇನ ಯಾವ ಉಸ್ತಾದನೂ ತನ್ನ ಊರಲ್ಲಿ ಇಳಿಯಲೆಂದು ಕಾಯಲಿಲ್ಲ. ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದ. ಟಿಕೆಟ್ಟಿಲ್ಲದ ಪ್ರಯಾಣ, ಹಾಡಿ ತುಂಬಿಕೊಂಡ ಹೊಟ್ಟೆ, ಪುಣೆ, ಗ್ವಾಲಿಯರ್, ಕಲ್ಕತ್ತಾ. ಗ್ವಾಲಿಯರಿನಲ್ಲಿ ಸರೋದಿನ ಹಾಫಿಜ್ ಅಲಿ ಖಾನರಂಥ ದೊಡ್ಡವರ ಆಸರೆ, ಕಲ್ಕತ್ತೆಯಲ್ಲಿ ಚಿತ್ರನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಚಾಕರಿ. ಹೆಸರುವಾಸಿಗಳನ್ನು ಇಷ್ಟೊಂದು ಹತ್ತಿರದಿಂದ ಕಂಡ ಹುಡುಗ ಆ ಕಾಲದ ಕರ್ನಾಟಕದಲ್ಲಿ ಇನ್ನೊಬ್ಬನಿದ್ದನೋ ಇಲ್ಲವೋ. ಆದರೆ ಅವನು ಅರಸುತ್ತಿದ್ದ ಗುರು ಅಲ್ಲೆಲ್ಲೂ ಸಿಗಲಿಲ್ಲ. ಕೊನೆಗೆ ಪಂಜಾಬಿನ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಅವನನ್ನು ಕಂಡು, ನಿನ್ನ ಮನೆಯ ಹಿತ್ತಲಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇನು ಮಾಡುತ್ತೀ ಎಂಬಂತೆ ಬುದ್ಧಿ ಹೇಳಿದರು. 1936ರ ಹೊತ್ತಿಗೆ ಹುಡುಗ ಕುಂದಗೋಳದಲ್ಲಿ ನೀರು ಹೊರುತ್ತ ತಾಲೀಮಿಗೆ ಕೂತಿದ್ದ. ಈ ಕಥೆಯನ್ನು ಛಲಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ. ಛಲ ಇತ್ತು, ಯಾರು ಇಲ್ಲವೆಂದಾರು? ಆದರೆ ಅವನನ್ನು ಎಬ್ಬಿಸಿದ ದನಿ, ಕೊನೆಗೆ ಸಿಕ್ಕ ಗುರು, ಎರಡೂ ಒಂದೇ ಹಳಿಯ ಆಸುಪಾಸಿನವೇ. ತಟ್ಟೆಯಲ್ಲಿ ಹಾಡಿದವರು ಮಿರಜದವರು. ಕಲಿಸಿದವರು, ಕುಂದಗೋಳದ ವಾಡೆಯಲ್ಲಿ ಅವರಿಗೆ ಎದುರಾಗಿದ್ದ ಕಾರಕೂನರ ಮಗ. ದೇಶವೆಲ್ಲ ಅಲೆದು ಹುಡುಗ ಸೇರಿದ್ದು ಮೂವತ್ತು ವರ್ಷ ಹಿಂದಿನ ಒಂದು ಮುಕ್ಕಾಮಿನ ಫಲವಿದ್ದ ಜಾಗಕ್ಕೆ. ಗ್ವಾಲಿಯರ್, ಕಲ್ಕತ್ತೆಗಳ ದೊಡ್ಡವರಿಗೆ ಅವನು ಆಶ್ರಯ ಬೇಡಿ ಬಂದವನು. ಅವರವರ ಊರಿನಲ್ಲಿ ಅವರವರ ಕೆಲಸದ ಗಡಿಬಿಡಿ. ನೆರವು ಸಿಕ್ಕಿತು, ಬಿಡುವು ಸಿಗಲಿಲ್ಲ.

ಈ ವ್ಯವಸ್ಥೆ ಒಮ್ಮೆಲೇ ಕುಸಿಯಲಿಲ್ಲ, ಎಳೆ ಎಳೆಯಾಗಿ ಸಡಿಲವಾಯಿತು. ಅಬ್ದುಲ್ ಕರೀಮ್ ಖಾನರು 1937ರ ಅಕ್ಟೋಬರಿನಲ್ಲಿ, ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಮೈಗೆ ಸರಿಯಿಲ್ಲವೆಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ತೀರಿಕೊಂಡರು. ದೇಹವನ್ನು ಮಿರಜಕ್ಕೆ ತಂದು ದಫನ ಮಾಡಿದರು. ನಾಲ್ವಡಿಯವರು 1940ರಲ್ಲಿ ಹೋದರು. ಸಂಸ್ಥಾನಗಳು ವಿಲೀನವಾದವು, ಸಿನಿಮಾ ಬಂದು ಕಂಪನಿಗಳ ಹುಟ್ಟುವಳಿ ತಗ್ಗಿಸಿತು. 1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಶುರುವಾಯಿತು. ರೇಡಿಯೊದಿಂದ ಸಂಗೀತದ ಭೇಟಿಗಳು ಸತ್ತವೆಂದು ಹಳಬರು ಕೊರಗುವುದುಂಟು; ಆ ಕೊರಗನ್ನು ನಾನು ಪೂರ್ತಿ ಒಪ್ಪಲಾರೆ. ರೇಡಿಯೊದ ಧ್ವನಿಪರೀಕ್ಷೆಯೆಂದರೆ ಹೆಸರಿದ್ದವರು ಹೆಸರಿಲ್ಲದವರನ್ನು ಕೇಳುವ ಆ ಹಳೆಯ ಕ್ರಮವೇ. ಈಗ ಅದಕ್ಕೊಂದು ಅರ್ಜಿ, ಒಂದು ತಾರೀಖು, ಒಂದು ಶ್ರೇಣಿ ಸೇರಿತು. ವಾಡೆಯ ಪರಿಚಯವಿಲ್ಲದವರು, ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಅರ್ಜಿ ಹಾಕುವಂತಾದರು. ಅದು ಸಣ್ಣ ಲಾಭವಲ್ಲ. ಕಳೆದುಹೋದದ್ದು ಆಮೇಲಿನ ಹೊತ್ತು. ನೀಲಕಂಠಬುವಾ ಹುಡುಗನನ್ನು ಕೇಳಿ ಶ್ರೇಣಿ ಬರೆದು ಎದ್ದುಹೋಗಲಿಲ್ಲ, ಮಿರಜಕ್ಕೆ ಕರೆದುಕೊಂಡು ಹೋದರು. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಿದ್ದು ಹಳೆಯ ಮುಕ್ಕಾಮಿನ ಮಕ್ಕಳೇ. ದೇಶವೆಲ್ಲ ಕರೆಯುತ್ತಿದ್ದರೂ ಮನ್ಸೂರರು ಧಾರವಾಡ ಬಿಡಲಿಲ್ಲ, ಅಲ್ಲಿನ ಆಕಾಶವಾಣಿಗೆ ಸಲಹೆಗಾರರಾಗಿ ದುಡಿದರು. ಗಂಗೂಬಾಯಿ ಹುಬ್ಬಳ್ಳಿಯಲ್ಲಿ ಉಳಿದರು. ರಾಜಗುರುಗಳೂ ಧಾರವಾಡದಲ್ಲೇ ನೆಲೆಸಿದರು. 1960ರ ಹೊತ್ತಿಗೆ ಈ ಅವಳಿ ಊರುಗಳಲ್ಲಿ ಹಾಡು ಕಲಿಯಬೇಕೆನ್ನುವ ಹುಡುಗ ಯಾವ ದಸರೆಗಾಗಿಯೂ ಯಾವ ಗಾಡಿಗಾಗಿಯೂ ಕಾಯಬೇಕಿರಲಿಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಿದ್ದರು.